ಗೈಡ್ ಪುಸ್ತಕದ ಪಕ್ಕದ ಕಪಾಟಿನಲ್ಲಿ ಏನಿದೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

 

ನಾನು ಮಂಗಳೂರಿನವ್ರು. ಹಂಗಂದ ಕೂಡ್ಲೇ ನಿಮ್ಮ ತಲೆಯೊಳಗ ಸಮುದ್ರ, ಮೀನು, ಬಂದರು ಬಂದಿರ್ತದ. ಅದಲ್ಲ. ನಮ್ಮದು ಕೊಪ್ಪಳ ಜಿಲ್ಲೆಯ ಮಂಗಳೂರು. ಮೊದಲು ಯಲಬುರ್ಗಾ ತಾಲ್ಲೂಕು, ಈಗ ಕುಕನೂರು ತಾಲ್ಲೂಕು. ಸಮುದ್ರ ಇಲ್ಲ, ಮಳೆನೂ ಅಷ್ಟಕ್ಕಷ್ಟೇ. ಫೋನಿನಲ್ಲಿ ನಮ್ಮೂರ ಹೆಸರು ಹಾಕಿ ಏನೇ ಹುಡುಕಿದ್ರೂ ಕರಾವಳಿಯೇ ಬರ್ತದ. ‘ಮಂಗಳೂರು ಗ್ರಂಥಾಲಯ’ ಅಂತ ಹುಡುಕಿ ನೋಡ್ರಿ, ನಾನ್ನೂರು ಕಿಲೋಮೀಟರ್ ಆಸುಪಾಸಿನ ದೂರದ ದಾರಿ ತೋರಿಸ್ತದ. ಫೋನಿನ ತಪ್ಪಲ್ಲ. ಹೆಚ್ಚು ಜನ ಯಾವುದನ್ನ ಕೇಳ್ತಾರೋ ಅದನ್ನೇ ಅದು ಮೊದಲು ಕೊಡ್ತದ.

ಪುಸ್ತಕದ ವಿಷಯದಲ್ಲೂ ನಡೀತಿರೋದು ಇದೇ. ‘ಓದಲೇಬೇಕಾದ ಹತ್ತು ಪುಸ್ತಕ’ ಅಂತ ಹುಡುಕಿದ್ರೆ ಅವೇ ಹತ್ತು. ರೀಲ್ಸ್‌ನಲ್ಲಿ ಒಬ್ಬರು ಶಿಫಾರಸು ಮಾಡಿದ್ದನ್ನೇ ಇನ್ನೊಬ್ಬರೂ ಮಾಡ್ತಾರೆ. ಹಣ ಮಾಡೋದು ಹೆಂಗ, ಬೆಳಿಗ್ಗೆ ಐದಕ್ಕೆ ಏಳೋದು ಹೆಂಗ, ಇಷ್ಟರಲ್ಲೇ ಸುತ್ತು. ಇವತ್ತು ನಾನು ಮಾತಾಡಬೇಕು ಅಂದ್ಕೊಂಡಿರೋದು ಈ ಮೊದಲ ಪುಟದ ಆಚೆಗಿರೋ ಪುಸ್ತಕ, ಪತ್ರಿಕೆಗಳ ಬಗ್ಗೆ. ಅವು ಎಲ್ಲಿ ಸಿಗ್ತಾವ, ಹೆಂಗ ಹುಡುಕಬೇಕು, ನಮ್ಮಂಥ ಊರಿನೊಳಗ ಕೂತು ಅದು ಸಾಧ್ಯ ಐತೋ ಇಲ್ಲೋ.

ನಮ್ಮ ಸೀಮೆಯ ಹಳೇ ಪಟ್ಟಿ

ಮೊದಲು ಒಂದು ಹಳೇ ಪಟ್ಟಿಯ ಕತೆ ಹೇಳ್ತೀನಿ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ನಿಮಗೆ ಗೊತ್ತಿರ್ತದ. ಪರೀಕ್ಷೆಗೆ ಬರೋ ಪ್ರಶ್ನೆ ಅದು: ಕನ್ನಡದಲ್ಲಿ ನಮಗೆ ಸಿಕ್ಕ ಮೊದಲ ಗ್ರಂಥ, ಬರೆದವನು ಶ್ರೀವಿಜಯ, ಕಾಲ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನದು. ಆ ಗ್ರಂಥ ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಅಂತ ಹೇಳುವಾಗ ನಾಲ್ಕು ಊರು ಹೆಸರಿಸ್ತದ. ಕಿಸುವೊಳಲು, ಅಂದ್ರ ಪಟ್ಟದಕಲ್ಲು. ಪುಲಿಗೆರೆ, ಅಂದ್ರ ಲಕ್ಷ್ಮೇಶ್ವರ. ಒಕ್ಕುಂದ. ಮತ್ತೆ ಕೊಪಣ, ಅಂದ್ರ ನಮ್ಮ ಕೊಪ್ಪಳ. ‘ಹಿಂದುಳಿದ ಜಿಲ್ಲೆ’ ಅಂತ ಕೇಳಿ ಕೇಳಿ ಬೆಳೆದ ನಮಗೆ ಇದು ಸಣ್ಣ ಮಾತಲ್ಲ.

ಆದರೆ ಪರೀಕ್ಷೆಯವರು ಹೆಚ್ಚು ಕೇಳದ ಇನ್ನೊಂದು ಸಂಗತಿ ಅದರೊಳಗದ. ಶ್ರೀವಿಜಯ ತನಗಿಂತ ಮೊದಲು ಬರೆದವರ ಹೆಸರು ಕೊಡ್ತಾನೆ. ಗದ್ಯ ಬರೆದವರು: ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯ ಬರೆದವರು: ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇದು ಕನ್ನಡದ ಮೊದಲ ಓದಿನ ಪಟ್ಟಿ ಅನ್ನಬಹುದು. ಈ ಪಟ್ಟಿಯಲ್ಲಿರೋ ಕನ್ನಡ ಪುಸ್ತಕಗಳಲ್ಲಿ ಒಂದೂ ಇವತ್ತು ನಮ್ಮ ಕೈಯಾಗಿಲ್ಲ. ಯಾವಾಗಲೋ ಒಂದು ಕಾಲದಲ್ಲಿ ಅವನ್ನ ನಕಲು ಮಾಡೋರು, ಓದೋರು ನಿಂತು ಹೋದರು. ಓಲೆಗರಿಗೆ ಆಯುಷ್ಯ ಕಡಿಮಿ. ಒಂದು ತಲೆಮಾರು, ಎರಡು ತಲೆಮಾರು ಕೇಳದಿದ್ದರೆ ಮುಗೀತು. ಕವಿರಾಜಮಾರ್ಗವೂ ಅದೇ ದಾರಿ ಹಿಡೀಬಹುದಿತ್ತು. ಯಾರೋ ಎಲ್ಲೋ ಪ್ರತಿ ಮಾಡಿ ಇಟ್ಟಿದ್ದಕ್ಕೆ ಉಳೀತು. 1898ರಲ್ಲಿ ಕೆ.ಬಿ. ಪಾಠಕರು ಅದನ್ನ ಸಂಪಾದಿಸಿ ಅಚ್ಚು ಹಾಕಿದ ಮ್ಯಾಲೆ ಎಲ್ಲರ ಕೈಗೆ ಬಂತು.

ಇಲ್ಲಿಂದ ಎರಡು ಹೆಸರು ಮನಸ್ಸಿನಲ್ಲಿ ಇಟ್ಕೊಳ್ರಿ. ಒಂದು ಅತ್ತಿಮಬ್ಬೆ. ಕುಕನೂರಿನಿಂದ ದೂರ ಏನಲ್ಲ ಲಕ್ಕುಂಡಿ. ಅಲ್ಲಿ ಬಸದಿ ಕಟ್ಟಿಸಿದ ಹೆಣ್ಣುಮಗಳು. ಸಾವಿರ ವರ್ಷದ ಹಿಂದೆ ಪೊನ್ನನ ‘ಶಾಂತಿಪುರಾಣ’ವನ್ನ ಸಾವಿರ ಪ್ರತಿ ಬರೆಸಿ ಹಂಚಿದಳು ಅಂತ ಪ್ರಸಿದ್ಧಿ. ಕೈಬರಹದಲ್ಲಿ ಸಾವಿರ ಪ್ರತಿ! ಇನ್ನೊಂದು ಗಳಗನಾಥರು, ವೆಂಕಟೇಶ ತಿರಕೋ ಕುಲಕರ್ಣಿ, ಹಾವೇರಿ ಕಡೆಯವರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಕಾದಂಬರಿ ಬರೆದರು, ಅಗಡಿಯ ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು. ಬರೆದ ಪುಸ್ತಕವನ್ನ ತಲೆ ಮ್ಯಾಲೆ ಹೊತ್ತು ಊರೂರು ತಿರುಗಿ ಮಾರಿದರು. ಡೆಲಿವರಿ ಆ್ಯಪ್ ಇಲ್ಲದ ಕಾಲದಾಗ ಲೇಖಕರೇ ಡೆಲಿವರಿ ಬಾಯ್.

ಯಾಕೆ ಹೇಳಿದೆ ಅಂದ್ರ, ಪುಸ್ತಕ ಮತ್ತು ಓದುಗರ ನಡುವೆ ಯಾವಾಗಲೂ ಒಂದು ದಾರಿ ಇರಬೇಕು. ಯಾರೋ ಬರೆಸಬೇಕು, ಹೊರಬೇಕು, ಕೇಳಬೇಕು. ಆ ದಾರಿ ತಾನಾಗೇ ಆಗೋದಿಲ್ಲ.

ಗೈಡ್ ಓದುವವರ ಮಾತು

ಈಗ ನಮ್ಮ ಕಾಲಕ್ಕೆ ಬರೋಣ. ನಮ್ಮ ಭಾಗದ ಯಾವುದೇ ಗ್ರಂಥಾಲಯಕ್ಕೆ ಬೆಳಿಗ್ಗೆ ಹೋಗಿ ನೋಡ್ರಿ. ಕುರ್ಚಿ ತುಂಬಿರ್ತಾವ. ‘ಯುವಕರು ಓದೋದಿಲ್ಲ’ ಅನ್ನೋರನ್ನ ಅಲ್ಲಿ ಕರ್ಕೊಂಡು ಹೋಗಿ ತೋರಿಸಬೇಕು. ಎಲ್ಲರೂ ಓದ್ತಾ ಇರ್ತಾರೆ. ಆದ್ರ ಎಲ್ಲರ ಮುಂದೆ ಇರೋದು ಒಂದೇ ಥರದ ಪುಸ್ತಕ: ಸಾಮಾನ್ಯ ಜ್ಞಾನ, ಮಾನಸಿಕ ಸಾಮರ್ಥ್ಯ, ಹಳೇ ಪ್ರಶ್ನೆಪತ್ರಿಕೆ, ತಿಂಗಳ ಪ್ರಚಲಿತ ವಿದ್ಯಮಾನ.

ನನ್ನ ಗೆಳೆಯ ಒಬ್ಬ ಇದ್ದಾನ. ಹೆಸರು ಬ್ಯಾಡ. ಆರು ವರ್ಷದಿಂದ ಪರೀಕ್ಷೆ ಬರೀತಿದ್ದಾನ. ಪೊಲೀಸ್, ಎಫ್‌ಡಿಎ, ಪಿಡಿಒ, ಯಾವುದು ಕರೆದರೆ ಅದು. ಸಂವಿಧಾನದ 371ಜೆ ಬಂದ ಮ್ಯಾಲೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸ್ಥಳೀಯ ಮೀಸಲಾತಿ ಸಿಕ್ತು, ಆಸೆ ಹುಟ್ತು. ಆಸೆ ಇದ್ದಲ್ಲಿ ಪುಸ್ತಕ ತೆಗೀತಾರ, ಅದರಲ್ಲಿ ತಪ್ಪೇನಿಲ್ಲ. ಮನಿಯೊಳಗ ಎರಡೆಕರೆ ಒಣಬೇಸಾಯ ಇದ್ದವರಿಗೆ ನೌಕರಿ ಅಂದ್ರ ಬರೀ ನೌಕರಿ ಅಲ್ಲ. ಅಪ್ಪನ ಸಾಲ, ತಂಗಿ ಮದುವಿ, ಎಲ್ಲಾ ಅದರ ಮ್ಯಾಲೆ ನಿಂತಿರ್ತದ.

ಒಂದಿನ ಅವನಿಗೆ ತೇಜಸ್ವಿಯವರ ‘ಕರ್ವಾಲೋ’ ಕೊಡೋಕೆ ಹೋದೆ. ಅವನು ತಗೊಳ್ಳಲಿಲ್ಲ. ‘ಇದು 1980ರಲ್ಲಿ ಬಂದದ್ದು, ಬರೆದವರು ಪೂರ್ಣಚಂದ್ರ ತೇಜಸ್ವಿ, ಇದರಲ್ಲಿ ಹಾರುವ ಓತಿ ಬರ್ತದ’ ಅಂತ ಪಟಪಟ ಹೇಳಿದ. ‘ಓದೀಯೇನು?’ ಅಂದೆ. ‘ಇಲ್ಲ, ಪ್ರಶ್ನೆ ಬರ್ತದಲ್ಲ, ಅದಕ್ಕ ಗೊತ್ತು’ ಅಂದ. ಆಮ್ಯಾಲೆ ಸ್ವಲ್ಪ ಸುಮ್ಮನಿದ್ದು ಹೇಳಿದ: ‘ಕತಿಪುಸ್ತಕ ಹಿಡಿದ್ರ ಕಳವು ಮಾಡಿದಂಗ ಅನಸ್ತದಲೇ. ಮನಿಯವರು ಓದಾಕತ್ಯಾನ ಅಂತ ಊಟ ಹಾಕ್ತಿದ್ದಾರ.’

ಆ ಮಾತು ನನಗೆ ಭಾಳ ದಿನ ಕಾಡಿತು. ಇಪ್ಪತ್ತರಿಂದ ಇಪ್ಪತ್ತೆಂಟರ ತನಕ, ಮನುಷ್ಯ ಅತಿ ಹೆಚ್ಚು ಓದಬಹುದಾದ ವಯಸ್ಸಿನಲ್ಲಿ, ದಿನಕ್ಕೆ ಎಂಟು ತಾಸು ಪುಸ್ತಕದ ಮುಂದೆ ಕೂತು, ಒಂದು ಪುಸ್ತಕವನ್ನೂ ಓದದೇ ಹೋಗೋದು ಅಂದ್ರ ಏನದು? ಪುಸ್ತಕದ ಹೆಸರು ಗೊತ್ತು, ಲೇಖಕರ ಹೆಸರು ಗೊತ್ತು, ಬಂದ ಪ್ರಶಸ್ತಿ ಗೊತ್ತು. ಒಳಗ ಏನೈತಿ ಗೊತ್ತಿಲ್ಲ.

ನಾನಿಲ್ಲಿ ಅವನಿಗೆ ಬುದ್ಧಿ ಹೇಳೋಕೆ ಬಂದಿಲ್ಲ. ‘ಕಾದಂಬರಿ ಓದಿದ್ರೆ ಪ್ರಬಂಧ ಪತ್ರಿಕೆಯಲ್ಲಿ ಅಂಕ ಜಾಸ್ತಿ ಬರ್ತದ’ ಅಂತ ಆಸೆನೂ ತೋರಿಸೋದಿಲ್ಲ. ಬರಬಹುದು, ಬರದೇ ಇರಬಹುದು. ನಾನು ಹೇಳೋದು ಇಷ್ಟೇ: ದಿನದ ಎಂಟು ತಾಸಿನಲ್ಲಿ ಇಪ್ಪತ್ತು ನಿಮಿಷ ನಿಮ್ಮದು. ಅದನ್ನ ಯಾರೂ ಕಳವು ಅನ್ನೋದಿಲ್ಲ. ಆ ಇಪ್ಪತ್ತು ನಿಮಿಷಕ್ಕೆ ಏನು ಸಿಗ್ತದ ಅಂತ ಈಗ ನೋಡೋಣ.

ಊರಿನ ಗ್ರಂಥಾಲಯದಲ್ಲಿ ಹುಡುಕೋದು ಹೆಂಗ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮ್ಯಾಲೆ ‘ಅರಿವು ಕೇಂದ್ರ’ ಅಂತ ಇರ್ತದ. ರಾಜ್ಯದ ತುಂಬ ಇಂಥವು ಐದು ಸಾವಿರಕ್ಕೂ ಹೆಚ್ಚು ಅದಾವ. 2020ರಲ್ಲಿ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಮಾಡಿದರು. ‘ಪುಸ್ತಕ ಜೋಳಿಗೆ’ ಅಂತ ಜನರಿಂದ ಪುಸ್ತಕ ದಾನ ಪಡೆಯೋ ಅಭಿಯಾನವೂ ನಡೀತು. ಮನಿ ತೆರಿಗೆ ಕಟ್ಟಿದ ರಸೀದಿ ತೆಗೆದು ನೋಡ್ರಿ, ‘ಗ್ರಂಥಾಲಯ ಕರ’ ಅಂತ ಒಂದು ಸಾಲು ಇರ್ತದ. ಅಂದ್ರ ಆ ಪುಸ್ತಕಗಳಿಗೆ ನಿಮ್ಮಪ್ಪ ಈಗಾಗಲೇ ರೊಕ್ಕ ಕಟ್ಟ್ಯಾರ.

ಒಳಗೆ ಹೋದ ಮ್ಯಾಲೆ ನಾಲ್ಕು ಸಣ್ಣ ಉಪಾಯ.

ಒಂದು: ಮೇಜಿನ ಮ್ಯಾಲಿರೋ ಪುಸ್ತಕ ಬಿಟ್ಟು ಕಪಾಟಿನ ಕೆಳಗಿನ ಸಾಲು ನೋಡ್ರಿ. ಎಲ್ಲರೂ ಕೇಳೋ ಪುಸ್ತಕ ಕೈಗೆ ಸಿಗೋ ಎತ್ತರದಲ್ಲಿರ್ತಾವ. ಕೂತು, ಬಗ್ಗಿ, ಧೂಳು ಒರೆಸಿ ನೋಡಬೇಕಾದ ಸಾಲಿನಲ್ಲಿ ಪ್ರವಾಸ ಕಥನ, ನಾಟಕ, ಆತ್ಮಕಥೆ, ಅನುವಾದಗಳು ಕೂತಿರ್ತಾವ.

ಎರಡು: ಪುಸ್ತಕದ ಹಿಂದೆ ಅಂಟಿಸಿದ ಚೀಟಿ ನೋಡ್ರಿ, ಯಾವ ತಾರೀಖಿಗೆ ಯಾರು ಒಯ್ದಾರ ಅಂತ ಮುದ್ರೆ ಇರ್ತದ. ಹತ್ತು ವರ್ಷದ ಹಿಂದೆ ಒಂದೇ ಸಲ ಹೊರಗೆ ಹೋದ ಪುಸ್ತಕ ಸಿಕ್ಕರೆ ಅದನ್ನ ಒಯ್ರಿ. ಚಲೋ ಇದ್ದರೆ ನಿಮ್ಮ ಪುಣ್ಯ, ಇಲ್ಲಾಂದ್ರೆ ಹದಿನೈದು ದಿನಕ್ಕೆ ವಾಪಸ್.

ಮೂರು: ಹೊಸ ಲೇಖಕರನ್ನ ಹುಡುಕೋಕೆ ಪುಸ್ತಕಕ್ಕಿಂತ ಪತ್ರಿಕೆ ಸುಲಭ. ಇದರ ಬಗ್ಗೆ ಈಗ ಹೇಳ್ತೀನಿ.

ನಾಲ್ಕು: ಮೇಲ್ವಿಚಾರಕರನ್ನ ಕೇಳ್ರಿ. ಬಾಯಿಬಿಟ್ಟು ಕೇಳ್ರಿ. ಅವರು ಯಾವ ಪತ್ರಿಕೆ ತರಿಸಬೇಕು, ಯಾವ ಪುಸ್ತಕ ಬೇಕು ಅಂತ ಮ್ಯಾಲೆ ಬರೀಬೇಕಾದ್ರೆ ಓದುಗರು ಏನು ಕೇಳಿದ್ರು ಅನ್ನೋದೇ ಆಧಾರ. ಎಲ್ಲರೂ ಗೈಡ್ ಕೇಳಿದ್ರೆ ಗೈಡೇ ಬರ್ತದ. ಕತೆ ಕೇಳೋರು ಊರಿಗೆ ಇಬ್ಬರಾದ್ರೂ ಇರಬೇಕು.

ಪತ್ರಿಕೆ ಅಂದ್ರ ಜೋಳದ ರೊಟ್ಟಿ ಊಟ

ಖಾನಾವಳಿಯೊಳಗ ರೊಟ್ಟಿ ಊಟ ಹೇಳಿದ್ರ ಏನು ಬರ್ತದ? ಎರಡು ಪಲ್ಯ, ಕಾಳು, ಚಟ್ನಿಪುಡಿ, ಮೊಸರು, ಉಳ್ಳಾಗಡ್ಡಿ. ಯಾವುದು ನಿಮಗೆ ಸೇರ್ತದ ಅಂತ ಮೊದಲೇ ಗೊತ್ತಿರಬೇಕಾಗಿಲ್ಲ. ತಿಂದು ನೋಡಿ, ಸೇರಿದ್ದನ್ನ ಇನ್ನೊಮ್ಮೆ ಹಾಕಿಸ್ಕೊಳ್ಳಬಹುದು. ಪತ್ರಿಕೆ ಹಂಗ. ಮುನ್ನೂರು ಪುಟದ ಕಾದಂಬರಿಗೆ ಕೈ ಹಾಕೋಕೆ ಹೆದರಿಕಿ ಇದ್ದವರಿಗೆ ನಾಲ್ಕು ಪುಟದ ಕತೆ, ಎರಡು ಪುಟದ ವಿಜ್ಞಾನ, ಒಂದು ಕವಿತೆ.

‘ಕಸ್ತೂರಿ’ ಮಾಸಿಕ 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾಯ್ತು. ಪಾ.ವೆಂ. ಆಚಾರ್ಯರು ಬಹಳ ವರ್ಷ ಅದರ ಹಿಂದಿದ್ದರು. ಅದರ ಕೊನೆಗೆ ‘ಪುಸ್ತಕ ವಿಭಾಗ’ ಅಂತ ಇರ್ತಿತ್ತು. ಒಂದು ದೊಡ್ಡ ಪುಸ್ತಕದ ಸಂಗ್ರಹ ರೂಪ. ಹಳೇ ಕಸ್ತೂರಿ ಗಂಟು ಯಾರದಾದ್ರೂ ಮನಿ ಅಟ್ಟದ ಮ್ಯಾಲೆ ಸಿಕ್ಕರೆ ಬಿಡಬ್ಯಾಡ್ರಿ, ಅದು ಒಂದು ಗ್ರಂಥಾಲಯನೇ. ‘ಸುಧಾ’ 1965ರದು, ‘ಮಯೂರ’ 1968ರದು. ಮಯೂರದಲ್ಲಿ ಇವತ್ತಿನ ಕತೆಗಾರರು ಬರೀತಾರ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಹೆಸರು ನೋಡಿ ಮಕ್ಕಳದು ಅಂತ ಬಿಡಬ್ಯಾಡ್ರಿ. ಹತ್ತನೇ ಕ್ಲಾಸಿನಲ್ಲಿ ಅರ್ಥ ಆಗದೇ ಬಾಯಿಪಾಠ ಮಾಡಿದ್ದು ಅಲ್ಲಿ ಸರಳ ಕನ್ನಡದಲ್ಲಿ ಇರ್ತದ.

ನೀವು ಹೊಲದವರಾದ್ರೆ ಪುತ್ತೂರಿನ ‘ಅಡಿಕೆ ಪತ್ರಿಕೆ’ ಒಮ್ಮೆ ನೋಡ್ರಿ. ‘ನಮ್ಮಲ್ಲಿ ಅಡಿಕಿ ಎಲ್ಲಿ ಐತಿ?’ ಅಂತೀರಿ. ಹೌದು, ನಮ್ಮದು ಜೋಳ, ಕಡಲಿ, ಕುಷ್ಟಗಿ ಕಡೆ ಹೋದ್ರ ದಾಳಿಂಬೆ. ಆದ್ರ ಆ ಪತ್ರಿಕೆ 1988ರಲ್ಲಿ ಶುರುವಾದಾಗಿಂದ ಅದರ ಹಟ ಒಂದೇ: ಕೃಷಿ ಬಗ್ಗೆ ಬರೆಯೋರು ಕೃಷಿಕರೇ ಆಗಬೇಕು. ಮಳೆನೀರು ಹಿಡಿಯೋದು, ಇಂಗಿಸೋದರ ಬಗ್ಗೆ ಅದರ ಸಂಪಾದಕ ಶ್ರೀಪಡ್ರೆ ಬರೆದಷ್ಟು ಕನ್ನಡದಲ್ಲಿ ಬರೆದವರು ಕಡಿಮಿ. ಬೋರ್‌ವೆಲ್ ಬತ್ತಿದವರಿಗೆ ಅಡಿಕಿಯ ಪತ್ರಿಕೆಯೊಳಗ ನೀರು ಸಿಗಬಹುದು. ಬೇರೆ ಬೇರೆ ಥರದ್ದು ಓದಬೇಕು ಅನ್ನೋದು ಇದಕ್ಕೇ. ನಮಗೆ ಬೇಕಾದ ಉತ್ತರ ನಮ್ಮ ಹೆಸರು ಬರೆದ ಕಪಾಟಿನಲ್ಲೇ ಇರಬೇಕು ಅಂತಿಲ್ಲ.

ಒಂದು ಕಹಿ ಮಾತೂ ಹೇಳಬೇಕು. ಪತ್ರಿಕೆಗಳು ಸಾಯ್ತಾವ. ‘ಚಂದಮಾಮ’ ಕನ್ನಡದಲ್ಲಿ 1949ರಲ್ಲಿ ಶುರುವಾಗಿ ಮೂರು ತಲೆಮಾರಿಗೆ ಬೇತಾಳ ಕತೆ ಹೇಳಿತು, ಈಗ ಇಲ್ಲ. ವಿವೇಕ ಶಾನಭಾಗರ ‘ದೇಶ ಕಾಲ’ ಎಷ್ಟೋ ಹೊಸ ಬರಹಗಾರರಿಗೆ ಜಾಗ ಕೊಟ್ಟಿತು, ಅದೂ ನಿಂತಿತು. ಪ್ರತಿಯೊಂದಕ್ಕೂ ಬೇರೆ ಬೇರೆ ಕಾರಣ. ಆದ್ರ ಚಂದಾ ಕಟ್ಟೋರು ಇರೋ ತನಕ ಪತ್ರಿಕೆಗೆ ಉಸಿರು ಇರ್ತದ ಅನ್ನೋದಂತೂ ಖರೆ.

ಅತ್ತಿ ಮತ್ತು ಚಿರತಿ

ನಮ್ಮ ಮನಿಯೊಳಗಿನ ಓದುಗರ ಬಗ್ಗೆ ಹೇಳ್ತೀನಿ. ನಮ್ಮ ಸೋದರತ್ತಿ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ. ಆಕಿ ಓದು ಎಂಥಾದ್ದು ಅಂದ್ರ, ಅಂಗಡಿಯಿಂದ ಶೇಂಗಾ, ಬೆಲ್ಲ ಕಟ್ಟಿಕೊಟ್ಟ ಕಾಗದ ಬಿಚ್ಚಿ, ಸುಕ್ಕು ತೀಡಿ, ಓದೋದು. ವಾರಪತ್ರಿಕೆಯ ಹಾಳೆ ಇದ್ರೆ ಅದರಾಗ ಧಾರಾವಾಹಿ ಅರ್ಧ ಇರ್ತಿತ್ತು. ಮುಂದಿಂದು ಇಲ್ಲ. ಹಿಂದಿಂದೂ ಇಲ್ಲ. ಆಕಿ ತಾನೇ ಮುಂದಿನ ಕತಿ ಕಟ್ಟಿ ನಮಗೆ ಹೇಳ್ತಿದ್ಲು. ಕವಿರಾಜಮಾರ್ಗದೊಳಗೇ ಈ ಸೀಮೆಯ ಜನ ಓದು ಕಲಿಯದಿದ್ರೂ ಕಾವ್ಯದಲ್ಲಿ ಜಾಣರು ಅನ್ನೋ ಅರ್ಥದ ಮಾತು ಬರ್ತದ. ಅದನ್ನ ಓದಿದಾಗ ನನಗೆ ನೆನಪಾಗಿದ್ದು ಅತ್ತಿ.

ಗ್ರಂಥಾಲಯಕ್ಕೆ ಆಕಿ ಯಾವತ್ತೂ ಹೋಗಿಲ್ಲ. ಹಳ್ಳಿಯಲ್ಲಿ ಐವತ್ತು ದಾಟಿದ ಹೆಣ್ಣುಮಗಳು ಗಂಡಸರು ಪೇಪರ್ ಓದ್ತಾ ಕೂತ ಖೋಲಿಯೊಳಗ ಹೋಗಿ ಕೂಡೋದು ಅಷ್ಟು ಸಲೀಸಲ್ಲ. ಅದಕ್ಕೆ ನಾವು ದಾರಿ ಮಾಡಿದ್ದು ಮಗುವಿನ ಕಡೆಯಿಂದ. ನಮ್ಮ ಅಣ್ಣನ ಮಗಳು ನಾಲ್ಕನೇ ಕ್ಲಾಸು, ಆಕಿಗೆ ಪುಕ್ಕಟೆ ಸದಸ್ಯತ್ವ ಇತ್ತು. ಆಕಿ ತಂದ ಪುಸ್ತಕ ಅಜ್ಜಿನೂ ಓದಬಹುದಲ್ಲ. ಮೊದಲು ಮನಿಯವರೆಲ್ಲಾ ಹೇಳಿದ್ದು: ವ್ರತದ ಪುಸ್ತಕ, ಅಡಿಗಿ ಪುಸ್ತಕ ತಾ. ತಂದ್ಲು. ಅತ್ತಿ ತಿರುವಿ ಹಾಕಿ ಬದಿಗಿಟ್ಲು. ‘ಇದು ನನಗ ಗೊತ್ತಿರೂದ ಐತಿ’ ಅಂದ್ಲು.

ಆಮ್ಯಾಲೆ ಒಂದಿನ ಹುಡುಗಿ ಚಿತ್ರ ನೋಡಿ ಒಂದು ಪುಸ್ತಕ ತಂದ್ಲು: ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಕೆನೆತ್ ಆ್ಯಂಡರ್ಸನ್ ಬರೆದ ಬೇಟಿ ಅನುಭವಗಳನ್ನ ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಮಾಲೆಯದು. ಅತ್ತಿ ಅದನ್ನ ಎರಡು ದಿನದಾಗ ಮುಗಿಸಿದ್ಲು. ಕುರಿ ಕಾದ ಮನಿತನ ಆಕಿದು. ಗುಡ್ಡದ ಚಿರತಿ, ಕರಡಿ ಬಗ್ಗೆ ಆಕಿಗೆ ಕೇಳಿದ್ದು, ಕಂಡದ್ದು ಭಾಳ ಐತಿ. ನಮ್ಮ ಗಂಗಾವತಿ, ಆನೆಗೊಂದಿ ಕಡೆ ಬಂಡೆಗುಡ್ಡದಾಗ ಚಿರತಿ ಇವತ್ತಿಗೂ ಕಾಣ್ತಾವ. ‘ಹೌದು, ಚಿರತಿ ಹಿಂಗ ಮಾಡೂದು, ಖರೇ ಬರದಾನ’ ಅಂತ ಆಕಿ ತೀರ್ಪು ಕೊಟ್ಟಳು. ಒಂದು ಕಡೆ ಮಾತ್ರ ‘ಇಲ್ಲಿ ಸ್ವಲ್ಪ ಬಿಟ್ಟಾನ’ ಅಂದ್ಲು. ಆಮ್ಯಾಲೆ ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಬೆಳ್ಳಂದೂರಿನ ನರಭಕ್ಷಕ’. ಕತಿ ಮೊದಲ ಸಲ ಆಕಿಗೆ ಪೂರ್ತಿ ಸಿಕ್ಕಿತ್ತು, ಅರ್ಧಕ್ಕೆ ಹರಿಯದೇ.

ಇದರಿಂದ ನಾನು ಕಲಿತದ್ದು: ಯಾರಿಗೆ ಏನು ಇಷ್ಟ ಆಗ್ತದ ಅಂತ ಅವರ ವಯಸ್ಸು, ಲಿಂಗ, ಓದಿದ ಕ್ಲಾಸು ನೋಡಿ ಹೇಳೋಕೆ ಬರೋದಿಲ್ಲ. ಅಲ್ಗಾರಿದಮ್‌ಗೆ ಬರೋದಿಲ್ಲ, ಮನಿಯವರಿಗೂ ಬರೋದಿಲ್ಲ. ಕಪಾಟು ತೆರೆದಿರಬೇಕು, ಅಷ್ಟೇ.

ನೀವು ನೋಡೋದರಿಂದ ನೀವು ಓದೋದಕ್ಕೆ

ಈಗ ನಿಮಗೆ. ಫೋನಿನಲ್ಲಿ ಏನು ನೋಡ್ತೀರಿ ಹೇಳ್ರಿ, ಪುಸ್ತಕ ನಾನು ಹೇಳ್ತೀನಿ.

ಕ್ರೈಂ ಸೀರೀಸ್ ನೋಡೋರು: ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನಿಂದ ಶುರು ಮಾಡ್ರಿ. ನಿಮ್ಮ ಅಜ್ಜನ ಕಾಲದ ಹುಡುಗರು ಪಠ್ಯಪುಸ್ತಕದ ನಡುವೆ ಇಟ್ಕೊಂಡು ಓದಿದ ಕಾದಂಬರಿಗಳು. ಜೈಲಿನಿಂದ ಪಾರಾಗೋ ಸಿನಿಮಾ ಇಷ್ಟ ಇದ್ದವರು ತೇಜಸ್ವಿ ಮತ್ತು ಪ್ರದೀಪ ಕೆಂಜಿಗೆ ಕನ್ನಡಕ್ಕೆ ತಂದ ‘ಪ್ಯಾಪಿಲಾನ್’ ಹಿಡೀರಿ.

ಇತಿಹಾಸದ ಸಿನಿಮಾ ನೋಡೋರು: ವಸುಧೇಂದ್ರರ ‘ತೇಜೋ ತುಂಗಭದ್ರಾ’, 2019ರದು. ಒಂದು ಕಾಲು ಲಿಸ್ಬನ್‌ನಲ್ಲಿ, ಒಂದು ಕಾಲು ನಮ್ಮ ತುಂಗಭದ್ರೆಯ ದಂಡಿ ಮ್ಯಾಲೆ. ವಿಜಯನಗರ ಅಂದ್ರ ರಾಜರ ಪಟ್ಟಿ ಬಾಯಿಪಾಠ ಮಾಡಿದವರಿಗೆ, ಅಲ್ಲಿ ಸಾಮಾನ್ಯ ಜನ ಹೆಂಗ ಬದುಕಿದ್ರು ಅನ್ನೋ ಚಿತ್ರ. ಅದನ್ನ ಓದಿದ ಮ್ಯಾಲೆ ಗಳಗನಾಥರ ‘ಮಾಧವ ಕರುಣಾ ವಿಲಾಸ’ ತಗೊಳ್ರಿ. ವಿಜಯನಗರದ ಬಗ್ಗೆಯೇ ನೂರು ವರ್ಷದ ಹಿಂದೆ ಹೆಂಗ ಬರೀತಿದ್ರು ಅಂತ ಪಕ್ಕಪಕ್ಕ ಇಟ್ಟು ನೋಡಬಹುದು.

ಗಿಡಮರ, ಪ್ರಾಣಿ, ವಿಜ್ಞಾನದ ವಿಡಿಯೋ ನೋಡೋರು: ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನ ಕಾಡಿಗೆ ಕರ್ಕೊಂಡು ಹೋದ ಕತೆ, ನಗಿಸ್ತಾ ನಗಿಸ್ತಾ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು ಒಂದು ವಿಜ್ಞಾನದ ಪುಸ್ತಕಕ್ಕೆ ಅನ್ನೋದೇ ವಿಶೇಷ. ಹಿಂದೆ ಮುಂದೆ ನಾಗೇಶ ಹೆಗಡೆಯವರನ್ನೂ ಓದ್ರಿ.

ಸಂದರ್ಶನ, ಬಯೋಪಿಕ್ ನೋಡೋರು: ಆತ್ಮಕಥೆ. ಸಿದ್ದಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’. ಒಂದು ನಗಿಸ್ತಾ ಅಳಿಸ್ತದ, ಇನ್ನೊಂದು ಮೈ ಚುರುಕ್ ಅನ್ನಿಸ್ತದ. ನಮ್ಮ ನಮ್ಮ ಊರಿನ ಬಾವಿ, ಗುಡಿ, ಸಾಲಿ ಹೊಸ ಕಣ್ಣಿನಿಂದ ಕಾಣ್ತಾವ.

ನಮ್ಮ ಭಾಷೆಯಲ್ಲೇ, ನಮ್ಮ ಕಡೆ ಮಾತಿನಲ್ಲೇ ಬೇಕು ಅನ್ನೋರು: ಕಲಬುರಗಿಯ ಗೀತಾ ನಾಗಭೂಷಣರ ‘ಬದುಕು’, ಕುಂ. ವೀರಭದ್ರಪ್ಪನವರ ‘ಅರಮನೆ’, ಅಮರೇಶ ನುಗಡೋಣಿಯವರ ಕತೆಗಳು. ‘ನಾವು ಮಾತಾಡೋದು ಶುದ್ಧ ಕನ್ನಡ ಅಲ್ಲ’ ಅಂತ ಯಾರಾದ್ರೂ ನಿಮಗೆ ಹೇಳಿದ್ದರೆ, ಇವುಗಳನ್ನ ಓದಿ ಎದಿ ಸೆಟೆಸಿ ಮಾತಾಡ್ರಿ. ಬಾನು ಮುಷ್ತಾಕರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದ್ವಿ. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಆ ಕತೆಗಳ ಮೂಲ ನಮ್ಮ ಭಾಷೆಯಲ್ಲೇ ಇದೆ, ಅನುವಾದದ ಹಂಗಿಲ್ಲದೇ ಓದಬಹುದು. ಸ್ಟೇಟಸ್ ಹಾಕಿದ ಎಲ್ಲರೂ ಓದಿದ್ದೇವೇನು?

ಕೊರಿಯನ್ ಡ್ರಾಮಾ, ಸ್ಪ್ಯಾನಿಷ್ ಸೀರೀಸ್ ನೋಡೋರು: ‘ವಿಶ್ವ ಕಥಾ ಕೋಶ’. ನಿರಂಜನರು ಸಂಪಾದಿಸಿ ನವಕರ್ನಾಟಕ ಪ್ರಕಾಶನ ಹೊರತಂದ 25 ಸಂಪುಟಗಳು. ದೇಶ ದೇಶದ ಕತೆಗಳು, ಎಲ್ಲಾ ಕನ್ನಡದಲ್ಲಿ. ಸಬ್‌ಟೈಟಲ್ ಬೇಕಾಗಿಲ್ಲ.

ಒಬ್ಬರೇ ಲೇಖಕರು ಎಷ್ಟು ಥರ ಬರೀಬಹುದು ಅಂತ ನೋಡಬೇಕಾದ್ರೆ ದೂರ ಹೋಗಬೇಕಾಗಿಲ್ಲ. ಹಳೇ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು, ‘ಕಾವ್ಯಾನಂದ’. ನಿಜಾಮರ ಆಳ್ವಿಕೆಯಲ್ಲಿ ಆಡಳಿತ, ಶಿಕ್ಷಣ ಎಲ್ಲಾ ಉರ್ದುಮಯವಾಗಿದ್ದ ಕಾಲದಲ್ಲಿ ಬೆಳೆದವರು. ಅಧಿಕಾರಿಯಾಗಿ ದುಡಿದರು. ಕವಿತೆ, ಮಕ್ಕಳ ಪದ್ಯ, ಹೊಸಗಾಲದ ವಚನ, ಶರಣರ ಚರಿತ್ರೆ ಎಲ್ಲಾ ಬರೆದರು. 1987ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸರ್ಕಾರಿ ನೌಕರಿ ಮತ್ತು ಕಾವ್ಯ ಒಂದೇ ಮನುಷ್ಯನೊಳಗ ಇರಬಹುದು ಅನ್ನೋದಕ್ಕೆ ನಮ್ಮ ಪಕ್ಕದ ಊರಿನ ಸಾಕ್ಷಿ. ಇದನ್ನ ನನ್ನ ಗೆಳೆಯನಿಗೂ ಹೇಳಿದ್ದೆ.

ಫೋನೂ ಒಂದು ಕಪಾಟು

ಫೋನಿನಲ್ಲಿ ಓದೋದು ಕೀಳು ಅಂತ ನಾನು ಅನ್ನೋದಿಲ್ಲ. ನೀವು ನನ್ನನ್ನ ಕೇಳ್ತಿರೋದೇ ಫೋನಿನಲ್ಲಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೇ ಕನ್ನಡ ಪುಸ್ತಕ ಸ್ಕ್ಯಾನ್ ಆಗಿ ಕೂತಾವ. ಅದರೊಳಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಕನ್ನಡ ಪುಸ್ತಕಗಳೂ ಇದಾವ. ಉರ್ದು ಮಾಧ್ಯಮದ ವಿಶ್ವವಿದ್ಯಾಲಯ ಅಂತ ಶುರುವಾದ ಜಾಗದಲ್ಲಿ ಉಳಿದ ಕನ್ನಡ ಪುಸ್ತಕ ಇವತ್ತು ಕೊಪ್ಪಳದ ಹುಡುಗನ ಫೋನಿಗೆ ಬರ್ತದ ಅಂದ್ರ, ಪುಸ್ತಕಗಳ ದಾರಿ ಎಷ್ಟು ವಿಚಿತ್ರ ನೋಡ್ರಿ. ರಾಜ್ಯ ಸರ್ಕಾರದ ಡಿಜಿಟಲ್ ಗ್ರಂಥಾಲಯ 2020ರಿಂದ ಐತಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಐತಿ, ಮಕ್ಕಳಿಗೆ ಪ್ರಥಮ್ ಬುಕ್ಸ್‌ನವರ ‘ಸ್ಟೋರಿವೀವರ್’ ಐತಿ. ಎಲ್ಲಾ ಪುಕ್ಕಟೆ.

ಒಂದು ಗೆರೆ ಮಾತ್ರ ನೆನಪಿಡ್ರಿ. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ಮ್ಯಾಲೆ 60 ವರ್ಷ ಹಕ್ಕು ಅವರ ವಾರಸುದಾರರದು. ಗಳಗನಾಥರನ್ನ ಧಾರಾಳವಾಗಿ ಇಳಿಸ್ಕೊಳ್ರಿ. ಆದ್ರ ಹೋದ ವರ್ಷ ಬಂದ ಕಾದಂಬರಿಯ ಪಿಡಿಎಫ್ ಟೆಲಿಗ್ರಾಂ ಗುಂಪಿನಲ್ಲಿ ಬಂದ್ರೆ ಅದು ಯಾರದೋ ಜೇಬಿನಿಂದ ಬಂದದ್ದು. ಕನ್ನಡದ ಬಹಳಷ್ಟು ಪುಸ್ತಕ ಇವತ್ತಿಗೂ ಸಾವಿರ ಪ್ರತಿ ಆಸುಪಾಸು ಅಚ್ಚಾಗ್ತಾವ. ಅತ್ತಿಮಬ್ಬೆ ಕೈಯಿಂದ ಬರೆಸಿದ್ದೂ ಸಾವಿರ! ಕೋಟಿಗಟ್ಟಲೆ ಜನ ಮಾತಾಡೋ ಭಾಷೆಯಲ್ಲಿ ಸಾವಿರ ಪ್ರತಿ ಖರ್ಚಾಗೋಕೆ ವರ್ಷಗಟ್ಟಲೆ ಬೇಕು ಅಂದ್ರ ಯೋಚನೆ ಮಾಡ್ರಿ. ಅಂಥ ಕಡೆ ಒಬ್ಬ ಓದುಗ ಕೊಂಡ ಒಂದು ಪ್ರತಿಗೂ ಲೆಕ್ಕ ಇರ್ತದ. ಕೊಳ್ಳೋಕೆ ಆಗದಿದ್ರೆ ಗ್ರಂಥಾಲಯದಲ್ಲಿ ಕೇಳ್ರಿ, ಇಬ್ಬರು ಮೂವರು ಸೇರಿ ಒಂದು ತಗೊಳ್ರಿ.

ಈ ತಿಂಗಳು ಮಾಡಬಹುದಾದ್ದು

ಮುಗಿಸೋಕೆ ಮೊದಲು ಮೂರು ಕೆಲಸ.

ಈ ವಾರ ನಿಮ್ಮೂರ ಅರಿವು ಕೇಂದ್ರಕ್ಕೆ ಹೋಗಿ, ಯಾವತ್ತೂ ಮುಟ್ಟದ ಕಪಾಟಿನಿಂದ ಒಂದು ಪುಸ್ತಕ ತಗೊಳ್ರಿ. ಐವತ್ತು ಪುಟ ಓದ್ರಿ. ಸೇರಲಿಲ್ಲ ಅಂದ್ರ ವಾಪಸ್ ಕೊಡ್ರಿ. ಪುಸ್ತಕ ಅರ್ಧಕ್ಕೆ ಬಿಡೋದು ಪಾಪ ಅಲ್ಲ.

ಯಾವುದಾದ್ರೂ ಒಂದು ಪತ್ರಿಕೆಯ ಒಂದು ಸಂಚಿಕೆ ರೊಕ್ಕ ಕೊಟ್ಟು ತಗೊಳ್ರಿ. ಅದರಲ್ಲಿ ಇಷ್ಟವಾದ ಒಬ್ಬ ಲೇಖಕರ ಹೆಸರು ಬರೆದಿಟ್ಕೊಂಡು, ಅವರ ಪುಸ್ತಕ ಯಾವುದೈತಿ ಹುಡುಕ್ರಿ.

ಮನಿಯೊಳಗ ಗ್ರಂಥಾಲಯಕ್ಕೆ ಹೋಗಲಾರದವರು ಒಬ್ಬರು ಇದ್ದೇ ಇರ್ತಾರ. ಅವ್ವ, ಅತ್ತಿ, ಅಜ್ಜ, ಮದುವಿಯಾದ ಅಕ್ಕ. ಅವರಿಗೆ ಒಂದು ಪುಸ್ತಕ ತಂದುಕೊಡ್ರಿ. ಅವರಿಗೆ ಏನು ಸೇರ್ತದ ಅಂತ ನೀವೇ ನಿರ್ಧಾರ ಮಾಡಬ್ಯಾಡ್ರಿ, ಎರಡು ಮೂರು ಥರದ್ದು ಮುಂದಿಟ್ಟು ಆರಿಸೋಕೆ ಬಿಡ್ರಿ.

ನನ್ನ ಗೆಳೆಯ ಇನ್ನೂ ಪರೀಕ್ಷೆ ಬರೀತಿದ್ದಾನ. ಮುಂದಿನ ತಿಂಗಳು ಮತ್ತೊಂದು ಐತಿ. ‘ಕರ್ವಾಲೋ’ ಮೂರು ವಾರದ ಹಿಂದೆ ಒಯ್ದಾನ, ಇನ್ನೂ ವಾಪಸ್ ಕೊಟ್ಟಿಲ್ಲ. ಕೇಳಿದ್ರೆ ‘ನಲವತ್ತು ಪುಟ ಆಗೇತಿ, ಮಂದಣ್ಣ ಭಾರಿ ಅದಾನಲೇ’ ಅಂದ. ಅವನಿಗೆ ನೌಕರಿ ಸಿಗಲಿ ಅಂತ ನೀವೂ ಹಾರೈಸ್ರಿ. ಪುಸ್ತಕಕ್ಕೆ ಅವಸರ ಇಲ್ಲ.

ನಿಮ್ಮೂರ ಗ್ರಂಥಾಲಯದ ಕೆಳಗಿನ ಸಾಲಿನಲ್ಲಿ ಏನು ಸಿಕ್ತು ಅಂತ ಕಾಮೆಂಟಿನಲ್ಲಿ ಬರೀರಿ. ಮತ್ತೊಂದು ಸಂಚಿಕೆಯಲ್ಲಿ ಸಿಗೋಣ. ಅಲ್ಲಿ ತನಕ, ಬರ್ತೀನ್ರಿ. ನಮಸ್ಕಾರ.